ಒರೆಸುವವಳನ್ನು ಒಂದು ಮಾತು ಕೇಳಿ

"ಮೋಟಾರ್ ಆಫ್ ಮಾಡಿದೆಯೇನೇ?"

ಪಟ್ಟಣದಲ್ಲಿ ಸಂಸಾರ ಮಾಡುವ ಹೆಂಗಸರಲ್ಲಿ ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಸಿಕೊಳ್ಳದವರು ಯಾರಾದರೂ ಇದ್ದರೆ ಅವರು ಪುಣ್ಯವಂತರು. ಅಂಥವರು ಇಲ್ಲಿಂದ ಮುಂದೆ ಓದದಿದ್ದರೂ ನಡೆಯುತ್ತದೆ. ಉಳಿದವರಿಗೆ ಗೊತ್ತೇ ಇದೆ. ಮಹಡಿಯ ಮೇಲಿನ ಟ್ಯಾಂಕು ತುಂಬಿ, ಓವರ್‌ಫ್ಲೋ ಪೈಪಿನಿಂದ ನೀರು ಧೋ ಎಂದು ಒಣಗಲು ಹಾಕಿದ ಬಟ್ಟೆಯ ಮೇಲೋ, ಪಕ್ಕದ ಮನೆಯವರ ಅಂಗಳಕ್ಕೋ ಸುರಿಯುತ್ತದೆ. ಆಗ ಬೈಸಿಕೊಳ್ಳುವವಳು ಸ್ವಿಚ್ಚು ಆರಿಸಲು ಮರೆತವಳು. ಆ ಪೈಪನ್ನು ಬಟ್ಟೆ ತಂತಿಯ ನೆತ್ತಿಗೇ ತಿರುಗಿಸಿಟ್ಟ ಮಹಾನುಭಾವ ಯಾರೆಂದು ಯಾರೂ ಕೇಳುವುದಿಲ್ಲ. ಅವನು ದುಡ್ಡು ಎಣಿಸಿಕೊಂಡು ಹೋಗಿ ಎಷ್ಟೋ ವರ್ಷವಾಗಿರುತ್ತದೆ.

ನಾನು ಬರೆಯಹೊರಟಿರುವುದು ಮಹಡಿಯ ಟ್ಯಾಂಕಿನ ಬಗ್ಗೆ ಅಲ್ಲ, ಮೀನಿನ ತೊಟ್ಟಿಯ ಬಗ್ಗೆ. ಆದರೆ ತಕರಾರು ಅದೇ.

ನಮ್ಮ ಮನೆ ಸಕಲೇಶಪುರದ ಆನೇಮಹಲ್‌ನಲ್ಲಿದೆ. ಮಳೆಗಾಲವೆಂದರೆ ನಮ್ಮಲ್ಲಿ ಜೂನ್‌ನಲ್ಲಿ ಹಿಡಿದದ್ದು ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಚಪ್ಪಲಿ, ಬೆಲ್ಟು, ದೇವರ ಪಟದ ಹಿಂಭಾಗ ಎಲ್ಲಕ್ಕೂ ಬೂಷ್ಟು ಬರುವ ಕಾಲ ಅದು. ಸಿಲ್ವರ್ ಓಕಿನ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಕರೆಂಟು ಹೋಯಿತು, ಬಂದಾಗ ಬಂತು. ಇದನ್ನು ನಾನು ದೂರೆಂದು ಹೇಳುತ್ತಿಲ್ಲ. ಮಲೆನಾಡಿನಲ್ಲಿ ಕರೆಂಟು ಹೋಗುವುದು ಮಂಜು ಬೀಳುವಷ್ಟೇ ಸಹಜ. ಮಂಜು ಬೀಳುತ್ತದೆಂದು ಗೊತ್ತಿದ್ದವನು ಕಂಬಳಿ ಇಟ್ಟುಕೊಳ್ಳಬೇಕು ತಾನೇ? ಕರೆಂಟು ಹೋಗುತ್ತದೆಂದು ಗೊತ್ತಿದ್ದವನು ಕರೆಂಟು ಹೋದಾಗ ಏನಾಗುತ್ತದೆಂದು ಯೋಚಿಸಬೇಕು. ಅಷ್ಟೇ ನನ್ನ ವಾದ.

ಮೀನು ಮನೆಗೆ ಬಂದದ್ದು ಅತ್ತೆಯವರ ಕಾರಣದಿಂದ. ಅವರ ತವರು ಅರಕಲಗೂಡಿನ ಕಡೆ. ಚಿಕ್ಕಂದಿನಲ್ಲಿ ರಾಮನಾಥಪುರಕ್ಕೆ ಹೋಗಿ, ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳಿಗೆ ಪುರಿ ಎರಚಿದ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ದೇವರ ಮೀನುಗಳು, ಯಾರೂ ಹಿಡಿಯುವ ಹಾಗಿಲ್ಲ, ಕೈಯಲ್ಲಿದ್ದ ಪುರಿಗೆ ಬಾಯಿ ತೆರೆದುಕೊಂಡು ಬರುತ್ತಿದ್ದವು ಎನ್ನುವಾಗ ಅವರ ಮುಖ ಮಗುವಿನದಾಗುತ್ತಿತ್ತು. ಮಂಡಿನೋವು ಹೆಚ್ಚಾಗಿ ಹೊಸ್ತಿಲು ದಾಟುವುದೇ ಕಷ್ಟವಾದ ಮೇಲೆ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಭಾವನ ಮಗ "ಅಜ್ಜಿ ಮೀನಿನ ಹತ್ತಿರ ಹೋಗಲಾಗದಿದ್ದರೆ ಮೀನೇ ಅಜ್ಜಿಯ ಹತ್ತಿರ ಬರಲಿ ಚಿಕ್ಕಮ್ಮ" ಎಂದ. ಒಳ್ಳೆಯ ಮಾತು. ಅವನ ಮನಸ್ಸಿನ ಬಗ್ಗೆ ನನಗೆ ಅಂದೂ ಇಂದೂ ಬೇಸರವಿಲ್ಲ.

2018ರ ಬೇಸಿಗೆಯಲ್ಲಿ ಅಂಗಡಿಯವರೊಂದಿಗೆ ಬಂದು ಅವನೇ ನಿಂತು ಕಟ್ಟಿಸಿದ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ. ಅದರ ಕೆಳಗೆ ಬೀರುವಿನೊಳಗೆ ಇನ್ನೊಂದು ಚಿಕ್ಕ ಗಾಜಿನ ತೊಟ್ಟಿ. ಇದಕ್ಕೆ ಸಂಪು ಎಂದು ಹೆಸರು. ನಮಗೆ ಸಂಪು ಎಂದರೆ ಅಂಗಳದಲ್ಲಿ ಮುಚ್ಚಳ ಹಾಕಿಕೊಂಡಿರುವ ಗುಂಡಿ, ಅಕ್ವೇರಿಯಂನವರಿಗೆ ಇದು. ಮೇಲಿನ ತೊಟ್ಟಿಯ ನೀರು ಅಂಚಿನ ಪೆಟ್ಟಿಗೆಯಿಂದ ಇಳಿದು ಸಂಪಿಗೆ ಬರುತ್ತದೆ. ಅಲ್ಲಿ ಸ್ಪಂಜು, ಪಿಂಗಾಣಿ ಚೂರುಗಳ ನಡುವೆ ಹಾಯುತ್ತದೆ. ಮೀನಿನ ಹೊಲಸಿನಿಂದ, ತಿನ್ನದೆ ಉಳಿದ ಕಾಳಿನಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ಆ ಚೂರುಗಳ ಮೇಲೆ ಬೆಳೆದ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಶುದ್ಧವಾದ ನೀರನ್ನು ಒಂದು ಪಂಪು ಮತ್ತೆ ಮೇಲಕ್ಕೆ ತಳ್ಳುತ್ತದೆ. ಕೆಲಸವೇನೋ ಚೆನ್ನಾಗಿಯೇ ಇದೆ. ಕನ್ನಡಿಯಂಥ ನೀರು, ಅದರಲ್ಲಿ ರಾಜಗಾಂಭೀರ್ಯದ ಏಂಜೆಲ್ ಮೀನುಗಳು. ಅತ್ತೆ ಕುರ್ಚಿ ಎಳೆದುಕೊಂಡು ಅದರ ಮುಂದೆ ಕುಳಿತರೆ ಟಿ.ವಿ.ಯ ಧಾರಾವಾಹಿಯೂ ಬೇಡವಾಗುತ್ತಿತ್ತು.

"ಕರೆಂಟ್ ಹೋದರೆ?" ಎಂದು ನಾನು ಕೇಳಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಕೇಳಿದ್ದೆ.

"ಯುಪಿಎಸ್‌ಗೆ ಕೊಟ್ಟಿದೀನಲ್ಲ ಚಿಕ್ಕಮ್ಮ, ಪಂಪು ನಿಲ್ಲೋದೇ ಇಲ್ಲ" ಎಂದ. ಅಂಗಡಿಯವರು ನಕ್ಕರು. ನಮ್ಮ ಮನೆಯವರೂ ನಕ್ಕರು. ಹೆಂಗಸು ಕೇಳಿದ ಪ್ರಶ್ನೆಗೆ ಗಂಡಸರೆಲ್ಲ ಸೇರಿ ನಕ್ಕರೆ ಅದು ಉತ್ತರವಾಯಿತೆಂದೇ ಲೆಕ್ಕ.

ಆ ವರ್ಷದ ಆಗಸ್ಟ್ ಹೇಗಿತ್ತೆಂದು ಕೊಡಗು, ಸಕಲೇಶಪುರದವರಿಗೆ ಹೇಳಬೇಕಾಗಿಲ್ಲ. ಗುಡ್ಡಗಳು ಜರಿದು ಕೊಡಗಿನಲ್ಲಿ ಮನೆಮಠಗಳೇ ಹೋದವು. ಶಿರಾಡಿ ಘಾಟಿನ ರಸ್ತೆ ಮುಚ್ಚಿತು. ಸುಬ್ರಹ್ಮಣ್ಯದ ಕಡೆಯ ರೈಲು ಹಳಿಯ ಮೇಲೆ ಮಣ್ಣು ಕುಸಿಯಿತು. ಹೇಮಾವತಿ ಉಕ್ಕಿ ಹರಿಯುತ್ತಿತ್ತು. ಅಂಥದೊಂದು ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಅದರ ಶಕ್ತಿಯಿದ್ದಷ್ಟು ಹೊತ್ತು ದುಡಿಯಿತು. ಸಂಜೆ ಕಳೆಯಿತು, ಊಟವಾಯಿತು, ಎಲ್ಲರೂ ಮಲಗಿದೆವು. ಬೆಳಗಿನ ಜಾವ ಮೂರರ ಹೊತ್ತಿಗೆ ಬ್ಯಾಟರಿ ಬರಿದಾಗಿ ದೀಪವೂ ಆರಿತು, ಪಂಪೂ ನಿಂತಿತು.

ಪಂಪು ನಿಂತಾಗ ಏನಾಗುತ್ತದೆ? ನೀರು ಮೇಲಕ್ಕೆ ಹೋಗುತ್ತಿದ್ದ ಪೈಪಿನ ಬಾಯಿ ತೊಟ್ಟಿಯ ನೀರಿನಲ್ಲಿ ಮುಳುಗಿರುತ್ತದೆ. ತಳ್ಳುವವರಿಲ್ಲದಾಗ ಅದೇ ಪೈಪಿನಲ್ಲಿ ನೀರು ಹಿಂದಕ್ಕೆ ಇಳಿಯಲು ಶುರುವಾಗುತ್ತದೆ. ಸೀಮೆಎಣ್ಣೆ ಡಬ್ಬಿಗೆ ರಬ್ಬರ್ ನಳಿಗೆ ಇಟ್ಟು ಒಮ್ಮೆ ಎಳೆದು ಬಿಟ್ಟರೆ ಎಣ್ಣೆ ತಾನಾಗಿ ಇಳಿಯುತ್ತಿತ್ತಲ್ಲ, ಅದೇ ರೀತಿ. ಪೈಪಿನ ಬಾಯಿಗೆ ಗಾಳಿ ಸಿಗುವ ತನಕ ಅದು ನಿಲ್ಲುವುದಿಲ್ಲ. ನಮ್ಮ ಇಂಜಿನಿಯರ್ ಪೈಪಿನ ಬಾಯನ್ನು, ನೋಡಲು ಚೆನ್ನಾಗಿ ಕಾಣಲಿ ಎಂದು, ನೀರಿನ ಮಟ್ಟದಿಂದ ಆರು ಅಂಗುಲ ಕೆಳಗೆ ಇಟ್ಟಿದ್ದ.

ಈಗ ಲೆಕ್ಕ ಹಾಕಿ. ಇದಕ್ಕೆ ಇಂಜಿನಿಯರಿಂಗ್ ಬೇಡ, ಬಾವಿಯಿಂದ ನೀರು ಹೊತ್ತವಳಿಗೆ ಸಾಕು. ನಾಲ್ಕು ಅಡಿಗೆ ಒಂದೂವರೆ ಅಡಿಯ ತೊಟ್ಟಿಯಲ್ಲಿ ಒಂದು ಅಂಗುಲ ನೀರೆಂದರೆ ಹದಿನಾಲ್ಕು ಲೀಟರ್. ನಮ್ಮನೆಯ ಕೊಡ ಹಿಡಿಸುವುದೂ ಅಷ್ಟೇ. ಒಂದು ಅಂಗುಲಕ್ಕೆ ಒಂದು ಕೊಡ. ಆರು ಅಂಗುಲಕ್ಕೆ ಆರು ಕೊಡ. ಕೆಳಗಿನ ಸಂಪು ಎರಡೂವರೆ ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ್ದು. ಕಂಠದ ತನಕ ತುಂಬಿದರೂ ಆರು ಕೊಡ. ಅದರಲ್ಲಿ ಅರ್ಧ ಮೊದಲೇ ತುಂಬಿತ್ತು. ಅಂದರೆ ಮೂರು ಕೊಡಕ್ಕೆ ಮಾತ್ರ ಜಾಗ. ಉಳಿದ ಮೂರು ಕೊಡ ಎಲ್ಲಿಗೆ ಹೋಗಬೇಕು? ನೆಲಕ್ಕೆ.

ನಮ್ಮದು ಹಳೆಯ ಕೆಂಪು ರೆಡ್ ಆಕ್ಸೈಡ್ ನೆಲ. ನಲವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾದದ್ದು. ಅತ್ತೆ ಬಚ್ಚಲಿಗೆಂದು ಎದ್ದರು. ಕತ್ತಲೆ. ನನ್ನನ್ನು ಎಬ್ಬಿಸುವುದು ಬೇಡವೆಂದು ಗೋಡೆ ಹಿಡಿದು ನಡೆದರು. ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು.

ಘಾಟಿ ಮುಚ್ಚಿದ್ದರಿಂದ ಮಂಗಳೂರಿಗೆ ಹೋಗುವ ಮಾತೇ ಇರಲಿಲ್ಲ. ಸುರಿಯುವ ಮಳೆಯಲ್ಲಿ ಜೀಪಿನ ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು, ನಲವತ್ತು ಕಿಲೋಮೀಟರಿನ ಆಸುಪಾಸಿನ ಹಾಸನದ ದಾರಿಯನ್ನು ಗುಂಡಿ ಗುಂಡಿಗೆ ಅವರ ನರಳಾಟ ಕೇಳುತ್ತಾ ಕ್ರಮಿಸಿದೆವು. ಆ ದಾರಿ ನನ್ನ ಬದುಕಿನಲ್ಲಿ ಇನ್ನೂ ಮುಗಿದಿಲ್ಲ.

ಶಸ್ತ್ರಚಿಕಿತ್ಸೆಯಾಯಿತು. ನೋಡಲು ನೆಂಟರು ಬಂದರು, ಕಿತ್ತಳೆ ಬಂತು, ಬ್ರೆಡ್ಡು ಬಂತು. ಜೊತೆಗೆ ಪ್ರಶ್ನೆಯೂ ಬಂತು. "ನೆಲ ಒದ್ದೆ ಇದ್ದದ್ದು ನಿನಗೆ ಗೊತ್ತಾಗಲಿಲ್ವೇನೇ?" "ರಾತ್ರಿ ಒಂದು ಸಲ ಎದ್ದು ನೋಡಬಾರದಿತ್ತೇ?" "ವಯಸ್ಸಾದವರು ಇರೋ ಮನೇಲಿ ನೆಲ ಒರೆಸದೇ ಬಿಡ್ತಾರಾ?" ನಾದಿನಿ ಕೇಳಿದರು, ಓರಗಿತ್ತಿ ಕೇಳಿದರು, ಯಾರದೋ ಬೀಗರು ಕೇಳಿದರು. ಪೈಪನ್ನು ಆರು ಅಂಗುಲ ಕೆಳಗಿಟ್ಟವರು ಯಾರೆಂದು ಒಬ್ಬರಾದರೂ ಕೇಳಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

'ಕೆರೆಗೆ ಹಾರ'ದ ಕಥೆ ನಮ್ಮೆಲ್ಲರಿಗೂ ಗೊತ್ತು. ಕೆರೆಯಲ್ಲಿ ನೀರು ಬೀಳಲಿಲ್ಲವೆಂದು ಕಿರಿಸೊಸೆ ಭಾಗೀರಥಿಯನ್ನು ಹಾರ ಕೊಟ್ಟರು. ನಮ್ಮ ಮನೆಯಲ್ಲಿ ನೀರು ಹೆಚ್ಚಾಯಿತು. ಆಗಲೂ ಸೊಸೆಯೇ ಬೇಕಾಯಿತು. ನೀರು ಕಡಿಮೆಯಾದರೂ ಅವಳು, ಹೆಚ್ಚಾದರೂ ಅವಳು. ಈ ನ್ಯಾಯ ಯಾವ ಊರಿನದು ಸ್ವಾಮಿ?

ಮೊದಲು ಬಂದ ಪರಿಹಾರ, "ಆ ಮೀನಿನ ತೊಟ್ಟಿ ತೆಗೆದು ಬಿಸಾಡಿ" ಎಂಬುದು. ನಮ್ಮಲ್ಲಿ ಹೆಂಗಸರ ಸಂತೋಷಕ್ಕೆಂದು ಬಂದದ್ದು ಕೆಟ್ಟರೆ ಅದನ್ನು ರಿಪೇರಿ ಮಾಡುವ ಪದ್ಧತಿಯಿಲ್ಲ, ತೆಗೆದು ಹಾಕುವ ಪದ್ಧತಿಯಿದೆ. ಸ್ಕೂಟರು ಕೆಟ್ಟರೆ ಗ್ಯಾರೇಜಿಗೆ ಹೋಗುತ್ತದೆ. ಹೊಲಿಗೆ ಮಿಶನ್ನು ಕೆಟ್ಟರೆ ಅಟ್ಟಕ್ಕೆ ಹೋಗುತ್ತದೆ. ಮಂಚದ ಮೇಲಿದ್ದ ಅತ್ತೆಯೇ ತಡೆದರು. "ಮೀನು ಏನು ಮಾಡ್ತೋ ಪಾಪ? ನಂಗೆ ಇನ್ನು ನೋಡಕ್ಕೆ ಇರೋದು ಅದೊಂದೇ. ತೆಗೆಯೋದಾದ್ರೆ ನನ್ನ ಮಂಚಾನೂ ತೆಗೀರಿ" ಎಂದರು. ಆ ಮಾತಿಗೆ ಎದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎರಡನೆಯ ಪರಿಹಾರ, "ಇನ್ನೂ ದೊಡ್ಡ ಬ್ಯಾಟರಿ ಹಾಕೋಣ." ಇದು ಕೇಳಲು ಚಂದ. ಯೋಚಿಸಿ ನೋಡಿ: ಯುಪಿಎಸ್ ಪ್ರವಾಹವನ್ನು ತಡೆಯಲಿಲ್ಲ, ಮುಂದೂಡಿತು. ಅದಿಲ್ಲದಿದ್ದರೆ ಮಧ್ಯಾಹ್ನವೇ, ಎಲ್ಲರೂ ಎದ್ದಿರುವಾಗ, ಬೆಳಕಿನಲ್ಲಿ ನೀರು ಬೀಳುತ್ತಿತ್ತು. ಒರೆಸಿ ಬುದ್ಧಿ ಕಲಿಯುತ್ತಿದ್ದೆವು. ಬ್ಯಾಟರಿಯ ದಯದಿಂದ ಅದು ಬೆಳಗಿನ ಜಾವ ಮೂರಕ್ಕೆ, ದೀಪವೂ ಇಲ್ಲದಾಗ ಬಿತ್ತು. ಇನ್ನೂ ದೊಡ್ಡ ಬ್ಯಾಟರಿ ಹಾಕಿದರೆ ಮಾರನೆಯ ರಾತ್ರಿ ಬೀಳುತ್ತದೆ. ಮೀನಿನ ಉಸಿರಿಗೆ ಬ್ಯಾಟರಿ ಬೇಕು, ಒಪ್ಪುತ್ತೇನೆ. ನೆಲದ ರಕ್ಷಣೆಗೆ ಅದನ್ನು ನಂಬಬಾರದು.

ಮೂರನೆಯದು, "ನೀರು ಹಿಂದಕ್ಕೆ ಬರದ ಹಾಗೆ ವಾಲ್ವು ಹಾಕೋಣ." ಇದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ, ನಮ್ಮ ತೋಟದ ಮೇಸ್ತ್ರಿ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಕಾಲದಲ್ಲಿ ಕೆರೆಗೆ ಇಳಿಬಿಟ್ಟ ಪೈಪಿನ ಫುಟ್‌ವಾಲ್ವಿಗೆ ಒಂದು ಎಲೆಯ ಚೂರು ಸಿಕ್ಕಿದರೆ ಸಾಕು, ನೀರೆಲ್ಲ ವಾಪಸ್ ಇಳಿದು, ಪಂಪಿಗೆ ಮತ್ತೆ ನೀರು ತುಂಬಿಸುತ್ತಾ ಅರ್ಧ ದಿನ ಹೋಗುತ್ತದೆ. ಇದು ಮಲೆನಾಡಿನ ಪ್ರತಿ ತೋಟದವರಿಗೂ ಗೊತ್ತು. ತೊಟ್ಟಿಯಲ್ಲಿ ಎಲೆಯಿಲ್ಲದಿದ್ದರೆ ಬಸವನಹುಳು ಇರುತ್ತದೆ. "ಅಮ್ಮಾ, ಕೆರೆ ಕಟ್ಟೋನು ಮೊದ್ಲು ಕೋಡಿ ಎಲ್ಲಿ ಅಂತ ನೋಡ್ತಾನೆ. ಈ ಹುಡುಗ್ರು ಕೋಡಿ ಇಲ್ದೇ ಕೆರೆ ಕಟ್ಯವ್ರೆ" ಎಂದ ಮೇಸ್ತ್ರಿ.

ಕೋಡಿ! ನನಗೆ ಹೊಳೆಯದೇ ಹೋಗಿದ್ದ ಮಾತು ಅದು. ನಮ್ಮ ಪೂರ್ವಿಕರು ಕೆರೆಗೆ ಎರಡು ಬಾಯಿ ಇಡುತ್ತಿದ್ದರು. ತೂಬು, ಮನುಷ್ಯ ಬೇಕೆಂದಾಗ ತೆಗೆಯುವುದು. ಕೋಡಿ, ಯಾರೂ ತೆಗೆಯಬೇಕಾಗಿಲ್ಲದ್ದು. ಏರಿಗಿಂತ ತಗ್ಗಿನಲ್ಲಿ ಕಲ್ಲು ಹಾಸಿ ಬಿಟ್ಟ ದಾರಿ. ನೀರು ಅಷ್ಟೆತ್ತರಕ್ಕೆ ಬಂದರೆ ತಾನಾಗಿ ಹರಿದುಹೋಗಬೇಕು. ನೀರಗಂಟಿ ಮಲಗಿರಲಿ, ಕುಡಿದಿರಲಿ, ಊರಿನಲ್ಲೇ ಇಲ್ಲದಿರಲಿ, ಕೋಡಿ ತನ್ನ ಕೆಲಸ ಮಾಡುತ್ತದೆ. ಕೋಡಿ ಸಾಲದಾದರೆ ನೀರು ಏರಿಯ ಮೇಲೆ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಕೆರೆ ಉಳಿಯುವುದಿಲ್ಲ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ಅಣೆಕಟ್ಟು ಒಡೆದು ಮೋರ್ಬಿ ಪಟ್ಟಣ ಕೊಚ್ಚಿಹೋದದ್ದು ಹೀಗೆಯೇ: ಬಂದ ನೆರೆಯನ್ನು ಹೊರಬಿಡುವ ದಾರಿ ಸಾಲಲಿಲ್ಲ, ನೀರು ಮಣ್ಣಿನ ಏರಿಯನ್ನು ಹತ್ತಿ ಇಳಿಯಿತು.

ಗೇಟು, ಸರಪಳಿ ನಂಬಿದ್ದಕ್ಕೆ ನಮ್ಮದೇ ಉದಾಹರಣೆ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಾತ್ಕಾಲಿಕ ತಡೆ ಇಳಿಸುವ ತನಕ ರೈತರು ಕಣ್ಣೆದುರೇ ಬೆಳೆಯ ನೀರು ಹರಿದುಹೋಗುವುದನ್ನು ನೋಡಬೇಕಾಯಿತು. ದೊಡ್ಡ ಅಣೆಕಟ್ಟಿಗೆ ಗೇಟು ಬೇಡವೆಂದು ನಾನು ಹೇಳುತ್ತಿಲ್ಲ, ಅಷ್ಟು ದಡ್ಡಿಯಲ್ಲ. ಆದರೆ ಸರಪಳಿ ಎಂದಾದರೂ ತುಂಡಾಗುತ್ತದೆ ಎಂದುಕೊಂಡೇ ಕಟ್ಟಬೇಕು. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ ಹಾಕಿಸಿದ ಸ್ವಯಂಚಾಲಿತ ಗೇಟುಗಳ ಹಿರಿಮೆ ಇದೇ ಅಲ್ಲವೇ? ನೀರು ಗೊತ್ತಾದ ಮಟ್ಟಕ್ಕೆ ಏರಿದರೆ ಅವು ತಾವಾಗಿ ತೆರೆದುಕೊಳ್ಳುತ್ತಿದ್ದವು. ಪ್ರತಿ ಸೆಪ್ಟೆಂಬರ್ 15ಕ್ಕೆ ಇಂಜಿನಿಯರುಗಳ ದಿನವೆಂದು ಅವರ ಪಟಕ್ಕೆ ಹಾರ ಹಾಕುವವರು ಅದೊಂದು ಪಾಠವನ್ನಾದರೂ ಮನೆಗೆ ತರಬಾರದೇ?

ಸರಿ, ಅತ್ತೆ ಆಸ್ಪತ್ರೆಯಿಂದ ಬಂದ ಮೇಲೆ ನಾನೇ ಸೆರಗು ಬಿಗಿದೆ. ಪ್ಲಂಬರ್ ಹುಡುಗನನ್ನು ಕರೆಸಿದೆ. "ಅಕ್ಕಾ, ಅಣ್ಣ ಬರ್ಲಿ, ಕೇಳಿ ಮಾಡನ" ಎಂದ. "ಒರೆಸೋಳು ನಾನು. ನನ್ನ ಕೇಳಿ ಮಾಡು" ಎಂದೆ. ಹೀಗೆ ಮಾಡಿಸಿದೆವು, ತೊಟ್ಟಿ ಇಟ್ಟವರು, ಇಡುವವರು ದಯವಿಟ್ಟು ಗಮನವಿಟ್ಟು ಓದಿ.

ಮೊದಲನೆಯದು, ನೀರು ಹಿಂದಿರುಗುವ ಪೈಪಿನ ಬಾಯನ್ನು ನೀರಿನ ಮಟ್ಟದಿಂದ ಒಂದೇ ಅಂಗುಲ ಕೆಳಗೆ ತಂದೆವು. ಪೈಪಿನಲ್ಲಿ ಒಂದು ಸಣ್ಣ ತೂತು ಕೊರೆದರೆ ಸಾಕು, ಗಾಳಿ ಎಳೆದುಕೊಂಡು ನೀರು ನಿಲ್ಲುತ್ತದೆ ಎನ್ನುವವರಿದ್ದಾರೆ. ನಿಜ, ಆದರೆ ಆ ತೂತಿಗೆ ಪಾಚಿ ಕಟ್ಟಿದ ದಿನ ಅದೂ ಇಲ್ಲ. ಬಾಯೇ ಮೇಲಿದ್ದರೆ ಯಾವ ಪಾಚಿಯ ಹಂಗೂ ಇಲ್ಲ. ಈಗ ಪಂಪು ನಿಂತರೆ ಇಳಿಯುವುದು ಒಂದು ಕೊಡ. ಪೈಪು, ಪೆಟ್ಟಿಗೆಗಳಲ್ಲಿ ಉಳಿದದ್ದು ಸೇರಿಸಿ ಎರಡು ಕೊಡ ಎನ್ನಿ. ಸಂಪಿನಲ್ಲಿ ಮೂರು ಕೊಡದ ಜಾಗವಿದೆ.

ಎರಡನೆಯದು, ಗಾಜಿನ ಅಂಚಿಗೆ ತೂಗುಹಾಕಿ, ಬಾಗಿದ ಕೊಳವೆಯಿಂದ ನೀರು ಎಳೆಯುವ ಪೆಟ್ಟಿಗೆಯನ್ನು ತೆಗೆಸಿದೆ. ಕರೆಂಟು ಹೋಗಿ ಬರುವಷ್ಟರಲ್ಲಿ ಆ ಕೊಳವೆಗೆ ಗಾಳಿ ಸೇರಿಕೊಂಡರೆ ಅದು ಎಳೆಯುವುದನ್ನೇ ಮರೆಯುತ್ತದೆ. ಪಂಪು ಮಾತ್ರ ಮರೆಯುವುದಿಲ್ಲ, ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಆಗ ಉಕ್ಕುವುದು ಮೇಲಿನ ತೊಟ್ಟಿ. ಅದರ ಬದಲು ಗಾಜಿಗೇ ತೂತು ಕೊರೆಸಿ ಪೈಪು ಕೂರಿಸಬೇಕು. ಟಫನ್ಡ್ ಗಾಜಾದರೆ ಕೊರೆಯಲು ಹೋಗಬೇಡಿ, ಪುಡಿಪುಡಿಯಾಗುತ್ತದೆ. ಕೊರೆಸುವ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ.

ಮೂರನೆಯದು, ಇಳಿಯುವ ಪೈಪು ಒಂದಲ್ಲ, ಎರಡು. ಒಂದು ದಿನನಿತ್ಯದ್ದು. ಇನ್ನೊಂದು ಅದಕ್ಕಿಂತ ಅರ್ಧ ಅಂಗುಲ ಎತ್ತರದಲ್ಲಿ ಬಾಯಿಬಿಟ್ಟುಕೊಂಡು ಒಣಗಿರುವುದು. ಇದೇ ನಮ್ಮ ಕೋಡಿ. ಇದಕ್ಕೆ ವಾಲ್ವು ಇಲ್ಲ, ನಲ್ಲಿ ಇಲ್ಲ, ಯಾರೂ ತಿರುಗಿಸಿ ಮುಚ್ಚುವಂಥದ್ದು ಏನೂ ಇಲ್ಲ. ಮೊದಲನೆಯದಕ್ಕೆ ಕಸ ಕಟ್ಟಿದರೆ ನೀರು ಇದರಲ್ಲಿ ಗೊಳಗೊಳ ಸದ್ದು ಮಾಡುತ್ತಾ ಇಳಿಯುತ್ತದೆ. ಆ ಸದ್ದೇ ನಮಗೆ ಎಚ್ಚರಿಕೆಯ ಗಂಟೆ.

ನಾಲ್ಕನೆಯದು, ಸಂಪಿನೊಳಗೆ ಗಾಜಿನ ತಡೆಗಳನ್ನು ಅಂಟಿಸಿ, ಪಂಪಿರುವ ಕೋಣೆಯಲ್ಲಿ ಒಂದು ಕೊಡಕ್ಕಿಂತ ಹೆಚ್ಚು ನೀರು ನಿಲ್ಲದ ಹಾಗೆ ಮಾಡಿಸಿದೆ. ಮೇಲಿನ ತೊಟ್ಟಿಯಲ್ಲಿ ನೀರಿಗೂ ಅಂಚಿಗೂ ಒಂದೂವರೆ ಅಂಗುಲ ಬಿಟ್ಟೆವು. ಎರಡು ಪೈಪೂ ಕಟ್ಟಿಕೊಂಡವೆನ್ನಿ; ಪಂಪು ತನ್ನ ಕೋಣೆಯ ಒಂದು ಕೊಡವನ್ನು ಮೇಲೆ ಹಾಕಿ ಬರಿದಾಗುತ್ತದೆ. ಪಂಪು ಸುಟ್ಟರೂ ಸುಡಲಿ, ಹೊಸದು ಸಿಗುತ್ತದೆ. ಸೊಂಟ ಸಿಗುವುದಿಲ್ಲ. ನೀರು ಕಾಯಿಸುವ ಹೀಟರನ್ನು ಮಾತ್ರ ನೀರಿನ ಮಟ್ಟ ಇಳಿಯದ ನಡುವಿನ ಕೋಣೆಯಲ್ಲಿಡಬೇಕು. ಬರಿಗಾಳಿಯಲ್ಲಿ ಉರಿದರೆ ಒಡೆಯುತ್ತದೆ.

ಐದನೆಯದು, ಸಂಪಿಗೂ ಒಂದು ಕೋಡಿ. ಅದರ ಅಂಚಿನ ಕೆಳಗೆ ತೂತು ಕೊರೆಸಿ, ಗೋಡೆಯಾಚೆ ಬಾಳೆಗಿಡದ ಬುಡಕ್ಕೆ ಇಳಿಜಾರಾಗಿ ಪೈಪು ಬಿಟ್ಟೆವು. ಬಾಯಿಗೆ ಜಾಲರಿ. ಈ ನೀರನ್ನು ಹಳ್ಳಕ್ಕೆ ಬಿಡಬೇಡಿ, ಬೇಸರವಾಯಿತೆಂದು ಮೀನನ್ನೂ ಹಳ್ಳಕ್ಕೆ ಬಿಡಬೇಡಿ. ನಮ್ಮ ಹಳ್ಳ ಹೇಮಾವತಿಗೆ ಹೋಗುತ್ತದೆ, ಹೇಮಾವತಿ ಗೊರೂರಿಗೆ, ಅಲ್ಲಿಂದ ಕಾವೇರಿಗೆ. ಗಾಜು ನೆಕ್ಕುವ ಸಕ್ಕರ್ ಮೀನಿನಂಥ ಪರದೇಶದ ಮೀನುಗಳು ನಮ್ಮ ದೇಶದ ಕೆರೆ ಹೊಳೆಗಳಲ್ಲಿ ಹೀಗೇ ಬಂದು ಬೇರೂರಿವೆ. ಕಾವೇರಿಯ ಮೀನಿಗೆ ನಾವೇ ಶತ್ರುವನ್ನು ಕಳಿಸಿದ ಹಾಗಾಗುತ್ತದೆ.

ಆರನೆಯದು ಕರೆಂಟಿನದು. ಸ್ವಿಚ್‌ಬೋರ್ಡು ಬೀರುವಿನೊಳಗೆ ಇರಕೂಡದು. ಪಕ್ಕದ ಗೋಡೆಯಲ್ಲಿ, ಎತ್ತರದಲ್ಲಿ ಇರಲಿ. ಪ್ರತಿಯೊಂದು ವೈರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಿ ಬರಲಿ. ವೈರಿನ ಮೇಲೆ ಹರಿದ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಸೋರುವ ಕರೆಂಟನ್ನು ಕಂಡುಹಿಡಿದು ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್ಚು ಕಡ್ಡಾಯ. ಮೀನಿನ ತೊಟ್ಟಿಗೆ ಕೈ ಹಾಕುವವಳು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿರುತ್ತಾಳೆ, ನೆನಪಿರಲಿ.

ಕೊನೆಯದು ಪರೀಕ್ಷೆ. ಪಂಪು ಆರಿಸಿ, ಇಳಿಯುವ ನೀರೆಲ್ಲ ಇಳಿದು ನಿಂತ ಮೇಲೆ, ಸಂಪಿನ ಕೋಡಿಗಿಂತ ಒಂದು ಅಂಗುಲ ಕೆಳಗಿನ ತನಕ ನೀರು ತುಂಬಿದೆವು. ಆಮೇಲೆ ಪಂಪು ಹಚ್ಚಿದಾಗ ಸಂಪಿನ ನೀರು ಎಲ್ಲಿಗೆ ಇಳಿದು ನಿಂತಿತೋ ಅಲ್ಲಿ ಹೊರಗಿನಿಂದ ಮಗಳ ಕೆಂಪು ನೇಲ್‌ಪಾಲಿಶಿನಲ್ಲಿ ಒಂದು ಗೀಟು ಎಳೆದೆ. ಓಡುವಾಗ ಆ ಗೀಟು ದಾಟಿ ಯಾರೂ ನೀರು ತುಂಬುವ ಹಾಗಿಲ್ಲ. ಹತ್ತು ಸಲ ಆರಿಸಿ ಹತ್ತು ಸಲ ಹಚ್ಚಿ ನೋಡಿದೆ. ಪ್ಲಂಬರ್ ಹುಡುಗನಿಗೆ ಬೇಸರ ಬಂತು, ಇವರಿಗೆ ನಗು ಬಂತು. ಹನ್ನೊಂದನೆಯ ಸಲ ಇವರ ಕೈಯಲ್ಲೇ ಆರಿಸಿದೆ.

ಇಷ್ಟಕ್ಕೆ ಖರ್ಚಾದದ್ದು ದೊಡ್ಡ ಬ್ಯಾಟರಿಗೆ ಹೇಳಿದ ಬೆಲೆಗಿಂತ ಕಡಿಮೆ. ಬೇಕಾದದ್ದು ದುಡ್ಡಲ್ಲ, ಕೆಟ್ಟಾಗ ಏನಾದೀತು ಎಂಬ ಒಂದು ಯೋಚನೆ. ಆ ಯೋಚನೆ ಒರೆಸುವವಳಿಗೆ ಬರುವಷ್ಟು ಸುಲಭವಾಗಿ ಕಟ್ಟುವವನಿಗೆ ಬರುವುದಿಲ್ಲ. ಅವನು ನೋಡುವುದು ಓಡುತ್ತಿರುವ ಪಂಪನ್ನು. ನಿಂತಾಗ ಅವನು ಅಲ್ಲಿರುವುದಿಲ್ಲ. ಬಚ್ಚಲಿನ ನೆಲ ಮೋರಿಯ ಕಡೆ ಇಳಿಯದೆ ಬಾಗಿಲ ಕಡೆ ಇಳಿಯುವುದು, ಅಂಗಳದ ಸಂಪಿನ ಮುಚ್ಚಳ ಇಬ್ಬರು ಎತ್ತಿದರೂ ಏಳದಿರುವುದು, ಅಡುಗೆಮನೆಯ ಸಿಂಕಿನ ನೀರು ಎದೆಗೆ ಎರಚುವುದು, ಎಲ್ಲಕ್ಕೂ ಕಾರಣ ಒಂದೇ. ಕಟ್ಟುವಾಗ ಕೇಳಲಿಲ್ಲ. ಕೆಟ್ಟಾಗ ಬೈದರು.

ಹಾಗಾಗಿ ಅಕ್ಕತಂಗಿಯರೇ, ನನ್ನದೊಂದು ಮಾತು ಕೇಳಿ. ಮನೆ ಕಟ್ಟಲಿ, ಟ್ಯಾಂಕು ಇಡಲಿ, ಮೀನಿನ ತೊಟ್ಟಿ ತರಲಿ, ಕೊನೆಯ ಕಂತು ಕೊಡುವ ಮುನ್ನ ನಿಮ್ಮೆದುರಿಗೆ ಮೇನ್ ಸ್ವಿಚ್ಚು ಆರಿಸಿ ತೋರಿಸಲಿ. ಟ್ಯಾಂಕು ತುಂಬಿ ಉಕ್ಕಲಿ, ನೀರು ಎಲ್ಲಿಗೆ ಹೋಗುತ್ತದೆಂದು ನೀವು ನಿಂತು ನೋಡಿ. ನೆಲಕ್ಕೆ ಬಿದ್ದರೆ ಒರೆಸುವ ಬಟ್ಟೆಯನ್ನು ಕಟ್ಟಿದವನ ಕೈಗೇ ಕೊಡಿ. "ನೀರು ತಾನೇ, ಒರೆಸಿದರಾಯಿತು" ಎನ್ನುವವರು ಒಮ್ಮೆ ಒರೆಸಲಿ. ನಕ್ಕರೆ ನಗಲಿ. ನಾನು ಕೇಳಿ ಸುಮ್ಮನಾದೆನಲ್ಲ, ಅದೊಂದು ತಪ್ಪು ನನ್ನದೂ ಹೌದು, ಅದನ್ನು ಮುಚ್ಚಿಡುವುದಿಲ್ಲ.

ಭಾವನ ಮಗ ಆಮೇಲೆ ಬಂದಾಗ ತೊಟ್ಟಿಯ ಕೆಳಗೆ ಬಗ್ಗಿ ಎಲ್ಲವನ್ನೂ ನೋಡಿದ. ಬಹಳ ಹೊತ್ತು ಮಾತಾಡಲಿಲ್ಲ. "ನೀವು ಕೇಳಿದ್ರಿ ಚಿಕ್ಕಮ್ಮ, ನಂಗೆ ನೆನಪಿದೆ" ಎಂದ. ಅಜ್ಜಿಯ ಮಂಚದ ಬಳಿ ಹೋಗಿ ಅವರ ಕಾಲು ಹಿಡಿದು ಕುಳಿತ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಪಾಠ ಹೇಳಿದವರು ಯಾರೂ ನೆಲ ಒರೆಸಿರಲಿಕ್ಕಿಲ್ಲ.

ಅತ್ತೆ ವಾಕರ್ ಹಿಡಿದು ನಾಲ್ಕು ವರ್ಷ ಓಡಾಡಿದರು. ಕಡೆಯ ತನಕವೂ ಬೆಳಗಿನ ಕಾಫಿ ಮೀನಿನ ಮುಂದೆಯೇ ಆಗಬೇಕಿತ್ತು. ಈಗ ಅವರಿಲ್ಲ. ಅವರು ನೋಡಿದ ಏಂಜೆಲ್ ಮೀನುಗಳೂ ಇಲ್ಲ, ಅವುಗಳ ಮರಿಗಳಿವೆ. ಒರೆಸುವ ಬಟ್ಟೆಗೆ ಮಾತ್ರ ತೊಟ್ಟಿಯ ಪಕ್ಕದಲ್ಲೇ ಒಂದು ಮೊಳೆ ಹೊಡೆದಿದ್ದೇನೆ. ನೀರು ಬದಲಿಸುವವರೇ ನೆಲವನ್ನೂ ಒರೆಸಬೇಕೆಂಬುದು ನಮ್ಮ ಮನೆಯ ಕಾಯಿದೆ. ಸದ್ಯಕ್ಕೆ ನೀರು ಬದಲಿಸುವ ಕೆಲಸ ಇವರದು.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ನಾನು ಮಲಗಿದ್ದಲ್ಲಿಂದಲೇ ಕಿವಿಗೊಟ್ಟೆ. ಸಂಪಿಗೆ ನೀರು ಇಳಿಯುವ ಸದ್ದು ಕೇಳಿತು, ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಇವರು ಎದ್ದು ಟಾರ್ಚು ಹಿಡಿದು ಹೋದರು. ಕೇಳುವ ಮೊದಲೇ ಬಾಗಿಲಲ್ಲಿ ನಿಂತು, "ನೆಲ ಒಣಗಿದೆ, ನೀನು ಮಲಕ್ಕೋ" ಎಂದರು.

ನಾನು ಮಲಗಿದೆ.